ಸ್ಪೀಡಿಂಗ್ ನೋಟಿಸಿನ ಗಡುವು: 14 ದಿನ ಯಾರಿಗೆ, 28 ದಿನ ಯಾರಿಗೆ?

ಇಂಗ್ಲೆಂಡಿಗೆ ಹೊಸದಾಗಿ ಬಂದು ಕಾರು ಕೊಂಡವರಿಗೆ ಯಾರಾದರೂ ಒಬ್ಬರು ಈ ಬುದ್ಧಿಮಾತು ಹೇಳಿಯೇ ಹೇಳುತ್ತಾರೆ: "ಸ್ಪೀಡ್ ಕ್ಯಾಮೆರಾ ನೋಟಿಸು 14 ದಿನದೊಳಗೆ ಬರಲಿಲ್ಲವೋ, ಕೇಸು ಬಿದ್ದುಹೋಯಿತು, ತಲೆ ಕೆಡಿಸಿಕೊಳ್ಳಬೇಡಿ." ಇದರಲ್ಲಿ ಸತ್ಯ ಇರುವುದು ಅರ್ಧ ಮಾತ್ರ. ಉಳಿದರ್ಧವನ್ನು ನಂಬಿ ಕೂತವರು ಲೈಸೆನ್ಸನ್ನೇ ಕಳೆದುಕೊಳ್ಳಬಹುದು.

14 ದಿನದ ಗಡುವು ಇರುವುದು ಪೊಲೀಸರಿಗೆ. ಮೊದಲ ನೋಟಿಸು ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ವಿಳಾಸಕ್ಕೆ ಅಷ್ಟರೊಳಗೆ ತಲುಪಬೇಕು ಎನ್ನುತ್ತದೆ 1988ರ ಕಾನೂನು. ಕಾರು ಕಂಪನಿಯದೋ ಲೀಸಿನದೋ ಆಗಿದ್ದರೆ ಆ ಮೊದಲ ಕಾಗದ ಅವರಿಗೆ ಹೋಗುತ್ತದೆ. ಅವರು ನಿಮ್ಮ ಹೆಸರು ಕೊಟ್ಟ ಮೇಲೆ ನಿಮಗೆ ಬರುವ ನೋಟಿಸು ತಿಂಗಳು ಕಳೆದು ಬಂದರೂ ಊರ್ಜಿತವೇ. ಮನೆ ಬದಲಿಸಿ ಲಾಗ್‌ಬುಕ್ಕಿನಲ್ಲಿ ವಿಳಾಸ ತಿದ್ದಿಸದಿದ್ದರೆ, ಹಳೆಯ ಮನೆಗೆ ಸಮಯಕ್ಕೆ ಹೋಗಿ ಬಿದ್ದದ್ದೂ ಲೆಕ್ಕಕ್ಕೆ ಬರುತ್ತದೆ. ಪೊಲೀಸರು ದಾರಿಯಲ್ಲೇ ನಿಲ್ಲಿಸಿ, ಕೇಸು ಹಾಕಬಹುದು ಎಂದು ಬಾಯಲ್ಲೇ ಎಚ್ಚರಿಸಿದ್ದರೆ ನೋಟಿಸಿನ ಅಗತ್ಯವೇ ಇಲ್ಲ.

ನಿಜಕ್ಕೂ ತಡವಾಗಿಯೇ ಬಂದಿದೆ ಎನ್ನಿ. ಆಗಲೂ ಅದನ್ನು ಪಕ್ಕಕ್ಕಿಡುವಂತಿಲ್ಲ. ಅದೇ ಲಕೋಟೆಯಲ್ಲಿ ಇನ್ನೊಂದು ಗಡುವು ಇರುತ್ತದೆ, ಅದು ನಿಮ್ಮದು: ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರೆಂದು 28 ದಿನದೊಳಗೆ ತಿಳಿಸಬೇಕು. ಜಾಗ, ದಿನಾಂಕ, ಗಂಟೆ, ನಿಮಿಷ, ವೇಗ ಎಲ್ಲವನ್ನೂ ಅಚ್ಚು ಹಾಕಿ ಕಳಿಸಿರುತ್ತಾರೆ. ಚಾಲಕರ ಹೆಸರು, ವಿಳಾಸ, ಸಹಿಗೆ ಜಾಗ ಬಿಟ್ಟಿರುತ್ತಾರೆ. ಸಹಿ ಹಾಕದ ಫಾರಂ ಉತ್ತರವೇ ಅಲ್ಲ. "ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತಲ್ಲವೇ?" ಎಂದು ಹೆದರುವವರು ಬಹಳ. ಅಲ್ಲ. ಚಾಲಕರು ಯಾರೆಂದು ಹೇಳಿದಿರಿ, ಅಷ್ಟೇ. ಒಪ್ಪಿಕೊಳ್ಳುವುದೋ ಕೋರ್ಟಿಗೆ ಹೋಗುವುದೋ ಎಂಬ ಪ್ರಶ್ನೆ ಬರುವುದು ಮುಂದಿನ ಪತ್ರದಲ್ಲಿ.

ಸುಮ್ಮನಿದ್ದರೆ ಆಗುವ ನಷ್ಟ ನೋಡಿ. 20 ಮೈಲಿ ಮಿತಿಯ ಬೀದಿಯಲ್ಲಿ 26ರಲ್ಲಿ ಹೋದವರಿಗೆ ಸಾಮಾನ್ಯವಾಗಿ ಅರ್ಧ ದಿನದೊಳಗೆ ಮುಗಿಯುವ ಒಂದು ತರಗತಿ, ಇಲ್ಲವೇ 100 ಪೌಂಡ್ ದಂಡ ಮತ್ತು ಲೈಸೆನ್ಸಿನ ಮೇಲೆ 3 ಪಾಯಿಂಟ್. ಚಾಲಕರ ಹೆಸರು ಹೇಳದಿದ್ದರೆ 6 ಪಾಯಿಂಟ್, 1,000 ಪೌಂಡ್‌ವರೆಗೆ ದಂಡ. ಇಲ್ಲಿ ಪರೀಕ್ಷೆ ಪಾಸಾಗಿ ಎರಡು ವರ್ಷ ತುಂಬದವರಿಗೆ 6 ಪಾಯಿಂಟ್ ಎಂದರೆ ಲೈಸೆನ್ಸ್ ರದ್ದು. ಥಿಯರಿ, ಪ್ರಾಕ್ಟಿಕಲ್ ಎರಡೂ ಮತ್ತೆ ಮೊದಲಿನಿಂದ. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದರೂ ಈ ಲೆಕ್ಕದಲ್ಲಿ ನೀವು ಹೊಸಬರೇ.

ಹಾಗೆಂದು ಹೆಂಡತಿಯ ಹೆಸರೋ ಗಂಡನ ಹೆಸರೋ ಬರೆದು ಪಾಯಿಂಟ್ ಹಂಚಿಕೊಳ್ಳುವ ಯೋಚನೆ ಖಂಡಿತ ಬೇಡ. ಮಾಜಿ ಸಚಿವ ಕ್ರಿಸ್ ಹ್ಯೂನ್ ಮತ್ತು ಅವರ ಮಾಜಿ ಪತ್ನಿ ವಿಕಿ ಪ್ರೈಸ್, 2003ರ ಒಂದು ಸ್ಪೀಡಿಂಗ್ ಪ್ರಕರಣದಲ್ಲಿ ಹೀಗೇ ಮಾಡಿ 2013ರಲ್ಲಿ ತಲಾ ಎಂಟು ತಿಂಗಳ ಜೈಲುಶಿಕ್ಷೆಗೆ ಗುರಿಯಾದರು.

ಕೌನ್ಸಿಲ್ಲಿನ ಪಾರ್ಕಿಂಗ್ ಟಿಕೆಟ್ಟಿನ ಕಥೆಯೇ ಬೇರೆ. ಅದಕ್ಕೆ ಪಾಯಿಂಟ್ ಇಲ್ಲ. ಅಲ್ಲಿ ನಮ್ಮವರನ್ನು ಕೆಡಿಸುವುದು ಊರಿನ ಅಭ್ಯಾಸ. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಿತ್ತು, ಕಾದವರಿಗೆ ಲಾಭವಾಯಿತು. ಇಲ್ಲಿ ರಿಯಾಯಿತಿ ಮೊದಲೇ ಬಂದು ಮೊದಲೇ ಮುಗಿಯುತ್ತದೆ. 70 ಪೌಂಡಿನ ಟಿಕೆಟ್ಟನ್ನು 14 ದಿನದೊಳಗೆ ಕಟ್ಟಿದರೆ 35. ಕೊನೆಯವರೆಗೂ ಕಡೆಗಣಿಸಿದರೆ 105, ಆಮೇಲೆ ವಸೂಲಿಯವರು ಬಾಗಿಲಿಗೆ. ಟಿಕೆಟ್ಟು ಅನ್ಯಾಯದ್ದು ಎನಿಸಿದರೆ ಮೊದಲು ಕಟ್ಟಿ ಆಮೇಲೆ ಜಗಳಾಡುತ್ತೇನೆ ಎನ್ನಬೇಡಿ. ಕಟ್ಟಿದರೆ ಪ್ರಕರಣ ಮುಗಿಯಿತು. ಆ 14 ದಿನದೊಳಗೇ ಆಕ್ಷೇಪ ಬರೆಯಿರಿ. ಅದನ್ನು ತಳ್ಳಿಹಾಕಿದರೂ ಬಹುತೇಕ ಕೌನ್ಸಿಲ್‌ಗಳು ಅರ್ಧ ದರದ ಅವಕಾಶವನ್ನು ಮತ್ತೆ ಕೊಡುತ್ತವೆ.

"ಊರಿಗೆ ಹೋಗಿದ್ದೆ, ಕಾಗದ ನೋಡಲೇ ಇಲ್ಲ" ಎಂಬುದು ನಿಜವೇ ಆಗಿರಬಹುದು. ಆದರೆ ರಜೆಗೆಂದು ಗಡುವು ನಿಲ್ಲುವುದಿಲ್ಲ. ಆರು ವಾರ ಮೈಸೂರಿಗೆ ಹೊರಡುವ ಮುನ್ನ ಅಂಚೆ ತೆರೆದು ನೋಡಲು ಒಬ್ಬರನ್ನು ಗೊತ್ತುಮಾಡಿ. ಸಮನ್ಸ್ ಬಂದದ್ದೇ ತಿಳಿಯದೆ ಮ್ಯಾಜಿಸ್ಟ್ರೇಟ್ ಕೋರ್ಟು ನಿಮ್ಮ ಗೈರಿನಲ್ಲಿ ಶಿಕ್ಷೆ ಕೊಟ್ಟಿದ್ದರೆ, ಪ್ರಮಾಣಪೂರ್ವಕ ಹೇಳಿಕೆ ಸಲ್ಲಿಸಿ ಪ್ರಕರಣವನ್ನು ಮೊದಲಿನಿಂದ ತೆರೆಸಬಹುದು. ಅದನ್ನು ವಿಷಯ ತಿಳಿದ 21 ದಿನದೊಳಗೆ ಸಲ್ಲಿಸಬೇಕು.