ಔಷಧಿ ಡಬ್ಬಿಯ ಮೇಲಿನ ‘ನೀವು’ ಯಾರು?

ಆದೋನಿ ಎಂದರೆ ಹತ್ತಿ. ಜಿನ್ನಿಂಗ್ ಮಿಲ್ಲುಗಳ ಈ ಊರು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷದ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳ ಜತೆ ಆಂಧ್ರಕ್ಕೆ ಸೇರಿತು. ಹೊಳಗುಂದಿ, ಕೌತಾಳಂ ಕಡೆ ಇಂದಿಗೂ ಕನ್ನಡ ಮನೆಮಾತಿನವರಿದ್ದಾರೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಇಲ್ಲಿನ ಹೊಲಗಳಿಗೆ ತಪ್ಪದೆ ತಲುಪುವ ತಾಂತ್ರಿಕ ಬರಹವೆಂದರೆ ಕೀಟನಾಶಕ ಡಬ್ಬಿಯ ಲೇಬಲ್ಲು, ಅದರೊಳಗಿನ ಮಡಿಸಿದ ಕರಪತ್ರ.

1971ರ ಕೀಟನಾಶಕ ನಿಯಮಗಳ ಪ್ರಕಾರ ಇವು ಹಿಂದಿ, ಇಂಗ್ಲಿಷ್ ಜತೆಗೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು. ಅಂದರೆ ಈ ಭಾಗದಲ್ಲಿ ತೆಲುಗಿನ ಪಕ್ಕ ಕನ್ನಡಕ್ಕೂ ಜಾಗವುಂಟು. ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳೇ ಹೇಳುತ್ತವೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮಾತ್ರ ವಾಕ್ಯಗಳೇ ಹೇಳಬೇಕು.

ಆ ವಾಕ್ಯ ಯಾರೊಡನೆ ಮಾತಾಡುತ್ತದೆ?

‘ಕೈಗವಸು ಧರಿಸತಕ್ಕದ್ದು’ ಎಂದರೆ ಕಚೇರಿಯ ಆದೇಶ. ‘ಕೈಗವಸು ಧರಿಸಲಾಗುತ್ತದೆ’ ಎಂದರೆ ಮಾಡುವವರೇ ಮಾಯ. ‘ಕೈಗವಸು ಹಾಕಿಕೊಳ್ಳಿ’ ಎಂದಾಗ ಮಾತು ಓದುವವರಿಗೆ ನೇರವಾಗಿ ಮುಟ್ಟುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಆದೋನಿ ಕಡೆಯ ಕನ್ನಡದ ‘ಮಾಡ್ರಿ’, ಪಕ್ಕದ ತೆಲುಗಿನ ‘ಚೇಯಂಡಿ’ ಎರಡರಲ್ಲೂ ಇರುವುದು ಇದೇ ಗೌರವ. ಕೆಲಸದ ಹಂತಗಳಿಗೆ ಈ ರೂಪ ಸಾಕು. ‘ಬೇಕು’, ‘ಬಾರದು’ಗಳನ್ನು ಜೀವಕ್ಕೆ ಕುತ್ತು ತರುವ ಕಡೆಗೆ ಮೀಸಲಿಟ್ಟರೆ ಅವುಗಳಿಗೆ ತೂಕ ಬರುತ್ತದೆ.

‘ರೈತ ಬಾಂಧವರೇ’ ಎಂದು ಶುರುವಾಗುವ ಕರಪತ್ರಗಳು ಹೊಲದ ಒಡೆಯರನ್ನೇ ಎದುರಿಗಿಟ್ಟುಕೊಂಡಿರುತ್ತವೆ. ಆದರೆ ಬೆನ್ನಿಗೆ ಟ್ಯಾಂಕು ಹೊತ್ತು ಔಷಧಿ ಹೊಡೆಯುವವರು ಎಷ್ಟೋ ಸಲ ಕೂಲಿಯಾಳುಗಳು. ನೀರು ತಂದು ಸುರಿಯುವವರು ಹೆಂಗಸರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಸಿಂಪಡಣೆಯ ವಿಷ ತಗುಲಿ ಸತ್ತವರಲ್ಲಿ ರೈತರ ಜತೆ ಕೂಲಿಕಾರರೂ ಇದ್ದರು.

ಆದ್ದರಿಂದ ಬರೆಯುವವರು ಮೊದಲು ‘ನೀವು’ ಯಾರೆಂದು ಗೊತ್ತುಮಾಡಿಕೊಳ್ಳಬೇಕು. ಕೊಳ್ಳುವವರಿಗೆ ಎಕರೆಯ ಲೆಕ್ಕ, ಅಂಗಡಿಯ ರಸೀತಿ ಮುಖ್ಯ. ಹೊಡೆಯುವವರಿಗೆ ಬೇಕಾದ ಸಾಲುಗಳೇ ಬೇರೆ: ‘ಗಾಳಿಗೆ ಎದುರಾಗಿ ನಿಂತು ಹೊಡೆಯಬಾರದು. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬಾರದು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆಮೇಲೆ ಊಟಕ್ಕೆ ಕೂರಿ.’ ಇಂಥ ಸಾಲುಗಳು ಕರಪತ್ರದ ತುದಿಯಲ್ಲಿ ಅಲ್ಲ, ಡಬ್ಬಿ ತೆರೆಯುವ ಮೊದಲೇ ಕಣ್ಣಿಗೆ ಬೀಳುವ ಕಡೆ ದಪ್ಪ ಅಕ್ಷರದಲ್ಲಿ ಇರಬೇಕು. ಓದು ಬಾರದವರಿಗೆ ಇನ್ನೊಬ್ಬರು ಓದಿ ಹೇಳಿದರೂ ಒಂದೇ ಸಲಕ್ಕೆ ತಿಳಿಯುವಷ್ಟು ಚಿಕ್ಕವಾಗಿರಬೇಕು.