ಪದ ಕೇಳುತ್ತ ಹೋದ ಕಿಟೆಲ್

ಕಸ ಗುಡಿಸುವ ಸಾಧನಕ್ಕೆ ಮೈಸೂರಿನಲ್ಲಿ ಪೊರಕೆ, ಧಾರವಾಡದಲ್ಲಿ ಕಸಬರಿಗೆ, ಮಂಗಳೂರಿನಲ್ಲಿ ಹಿಡಿಸೂಡಿ. ಬೀಗ ತೆಗೆಯಲು ಮೈಸೂರಿನವರು ಬೀಗದ ಕೈ ಹುಡುಕಿದರೆ ಧಾರವಾಡದವರು ಚಾವಿ ಹುಡುಕುತ್ತಾರೆ. ಕನ್ನಡವನ್ನೇ ಆಡುತ್ತ ಬೆಳೆದವರು ಕೂಡ ಇನ್ನೊಂದು ಸೀಮೆಗೆ ಹೋದಾಗ ಇಂಥ ಪದಗಳ ಮುಂದೆ ಒಮ್ಮೆ ತಡವರಿಸುತ್ತಾರೆ. ಹೀಗಿರುವಾಗ ಹೊರನಾಡಿನಿಂದ ಬಂದು ಈ ಭಾಷೆಯನ್ನು ಮೊದಲಿನಿಂದ ಕಲಿಯುವವರ ಪಾಡು ಏನು?

ಈ ಪ್ರಶ್ನೆಗೆ ಸುಮಾರು ನಾಲ್ಕು ದಶಕಗಳ ದುಡಿಮೆಯ ಮೂಲಕ ಉತ್ತರ ಕೊಟ್ಟವರು ರೆವರೆಂಡ್ ಫರ್ಡಿನೆಂಡ್ ಕಿಟೆಲ್. ಉತ್ತರ ಜರ್ಮನಿಯ ಕಡಲತೀರದ ಸೀಮೆಯಲ್ಲಿ 1832ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದಾಗ ಇಪ್ಪತ್ತೊಂದರ ತರುಣ. ಬಂದದ್ದು ಮತಪ್ರಚಾರಕ್ಕೆ. ಆದರೆ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕಳೆದ ವರ್ಷಗಳು ಅವರನ್ನು ಕನ್ನಡದ ವಿದ್ಯಾರ್ಥಿಯನ್ನಾಗಿ ಮಾಡಿದವು.

ಆಗ ಕನ್ನಡ ಕಲಿಯುವವರ ಕೈಗೆ ನಿಘಂಟು ಸಿಗುತ್ತಿರಲಿಲ್ಲವೆಂದಲ್ಲ. ಕಿಟೆಲ್ ಹುಟ್ಟಿದ ವರ್ಷದಲ್ಲೇ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಗಿತ್ತು. 1858ರಲ್ಲಿ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದ್ದರು. ಆದರೆ ಒಂದು ಪದಕ್ಕೆ ಎದುರು ಇನ್ನೊಂದು ಪದ ಬರೆದಿಟ್ಟರೆ ಭಾಷೆ ಬರುವುದಿಲ್ಲ. ‘ಕೈ’ ಎಂಬ ಪದವನ್ನೇ ನೋಡಬಹುದು. ಅದು ದೇಹದ ಒಂದು ಅಂಗ ಎಂದು ಕಲಿತವರು ಒಂದೇ ದಿನದಲ್ಲಿ ಸೋತು ಹೋಗುತ್ತಾರೆ. ಮಳೆ ಕೈಕೊಟ್ಟಿತು ಎಂದರೆ ಮಳೆ ಬರಲಿಲ್ಲ ಎಂದರ್ಥ. ಕಷ್ಟದಲ್ಲಿ ಕೈಹಿಡಿದವರು ನೆರವಾದವರು. ಮದುವೆಯ ಮಾತಿನಲ್ಲಿ ಕೈಹಿಡಿದವರು ಬೇರೆ. ಕೆಲಸ ಕೈಗೂಡಬಹುದು, ಬೆಲೆ ಕೈಗೆಟುಕದಿರಬಹುದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ತಿಳಿದ ಮೇಲೆಯೇ ಆ ಪದ ಕಲಿತವರ ಪಾಲಿಗೆ ಪೂರ್ತಿ ಒಲಿಯುವುದು.

ಪದ ಒಂಟಿಯಾಗಿ ಬದುಕುವುದಿಲ್ಲ ಎಂಬ ಈ ಮಾತನ್ನು ಕಿಟೆಲ್ ಚೆನ್ನಾಗಿ ಅರಿತಿದ್ದರು. ಅವರ ನಿಘಂಟಿನಲ್ಲಿ ಪದದ ಜೊತೆಗೆ ಗಾದೆ ಬರುತ್ತದೆ, ಬಳಕೆಯ ವಾಕ್ಯ ಬರುತ್ತದೆ, ಕಾವ್ಯದಲ್ಲಿ ಆ ಪದ ಕಾಣಿಸಿಕೊಂಡ ಎಡೆಯ ಸೂಚನೆ ಬರುತ್ತದೆ. ಇದಕ್ಕಾಗಿ ಅವರು ಎರಡು ದಾರಿ ಹಿಡಿದರು. ಒಂದು ಓದು: ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಅಚ್ಚಿಗೆ ಕೊಟ್ಟರು. ಇನ್ನೊಂದು ಕಿವಿ: ಬೇರೆ ಬೇರೆ ಸೀಮೆಯ ಆಡುಮಾತು ಬಲ್ಲ ಸ್ಥಳೀಯರನ್ನು ಕೇಳಿ ಬರೆದುಕೊಂಡರು. ಅದಕ್ಕೂ ಮೊದಲೇ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಕಲಿತದ್ದನ್ನು ಬಳಸಿ ನೋಡುವ ಧೈರ್ಯವೂ ಕಲಿಕೆಯ ಭಾಗವೇ.

ಪದಗಳ ಬಂಧುಬಳಗವನ್ನು ಗುರುತಿಸುವುದು ಅವರ ಮತ್ತೊಂದು ಕ್ರಮ. ಯಾವುದು ದೇಶ್ಯ, ಯಾವುದು ಸಂಸ್ಕೃತದ ತದ್ಭವ, ಯಾವುದು ಮರಾಠಿ ಅಥವಾ ಹಿಂದೂಸ್ತಾನಿಯಿಂದ ಬಂದದ್ದು ಎಂದು ಅವರು ಬೇರ್ಪಡಿಸಿ ತೋರಿಸಿದರು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಸಂಬಂಧಿಕ ಪದಗಳನ್ನೂ ಕೊಟ್ಟರು. ಇದು ಕೇವಲ ಪಂಡಿತರ ಕುತೂಹಲವಲ್ಲ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ ಎಂಬ ಒಂದೇ ಸೂತ್ರ ತಿಳಿದರೆ ಸಾಕು, ಪುಲಿ ಹುಲಿಯಾಗಿ, ಪಳ್ಳಿ ಹಳ್ಳಿಯಾಗಿ, ಪತ್ತು ಹತ್ತಾಗಿ ಕಾಣುತ್ತವೆ. ತಮಿಳು ಪಕಾರವನ್ನು ಉಳಿಸಿಕೊಂಡಿರುವುದರಿಂದ, ತಮಿಳರು ಕನ್ನಡ ಕಲಿಯುವಾಗಲೂ ಕನ್ನಡಿಗರು ತಮಿಳು ಕಲಿಯುವಾಗಲೂ ಅದೇ ಸೂತ್ರ ಹತ್ತಾರು ಪದಗಳ ಬಾಗಿಲು ತೆರೆಯುತ್ತದೆ. ಹಾಗೆಯೇ ‘ನಡೆ’ ಎಂಬ ಒಂದು ಧಾತು ತಿಳಿದವರಿಗೆ ನಡಿಗೆ, ನಡತೆ, ನಡವಳಿಕೆ, ನಡೆನುಡಿಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಶ್ರಮವಿಲ್ಲ.

ಸುಮಾರು ಎರಡು ದಶಕಗಳ ದುಡಿಮೆಯ ಫಲವಾದ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಆ ಹೊತ್ತಿಗೆ ಕಿಟೆಲ್ ಜರ್ಮನಿಗೆ ಮರಳಿದ್ದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕನ್ನಡ ವ್ಯಾಕರಣ ಗ್ರಂಥ 1903ರಲ್ಲಿ ಹೊರಬಂತು. ಅದೇ ವರ್ಷ ಅವರು ತೀರಿಕೊಂಡರು. ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ರಲ್ಲಿ ಪೂರ್ಣಗೊಂಡಿತು.

ಆದರೆ ನಿಘಂಟು ಎಷ್ಟೇ ದೊಡ್ಡದಾದರೂ ಪದ ಉಳಿಯುವುದು ಬಾಯಲ್ಲಿ. ಮೆಟ್ರಿಕ್ ಅಳತೆ ಬಂದ ಮೇಲೆ ಪಾವು, ಬಳ್ಳ, ಕೊಳಗಗಳು ದಿನಬಳಕೆಯಿಂದ ಹಿಂದೆ ಸರಿದವು. ವಿದ್ಯುತ್ ಪಂಪು ಬಂದ ಮೇಲೆ ಯಾತ, ಕಪಿಲೆಗಳ ಜೊತೆ ಅವುಗಳ ಒಂದೊಂದು ಭಾಗದ ಹೆಸರೂ ಮರೆಯಾಗುತ್ತ ಬಂತು. ಹೀಗಾಗಿ ಹೊಸದಾಗಿ ಕನ್ನಡ ಕಲಿಯುವ ಹೊರಗಿನವರಷ್ಟೇ ಅಲ್ಲ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳೂ ಅಜ್ಜ ಅಜ್ಜಿಯರ ಮಾತಿನ ಎಷ್ಟೋ ಪದಗಳಿಗೆ ಇಂದು ಹೊಸಬರೇ.

ಇಬ್ಬರಿಗೂ ದಾರಿ ಒಂದೇ. ದಿನಕ್ಕೆ ಹತ್ತು ಪದಗಳ ಪಟ್ಟಿ ಉರುಹೊಡೆಯುವುದಕ್ಕಿಂತ ಒಂದು ಪದವನ್ನು ಅದರ ಗಾದೆ, ಅದರ ನೆಂಟರು, ಅದು ಬಳಕೆಯಲ್ಲಿರುವ ಊರಿನ ಸಮೇತ ತಿಳಿಯುವುದು ಲೇಸು. ಸಂತೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಕಂಡ ವಸ್ತುವನ್ನು ತೋರಿಸಿ ‘ಇದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?’ ಎಂದು ಕೇಳುವುದಕ್ಕೆ ಪಾಂಡಿತ್ಯ ಬೇಡ, ಸಂಕೋಚ ಬಿಟ್ಟರೆ ಸಾಕು. ಉತ್ತರ ಹೇಳುವ ಹಿರಿಯರು ಇರುವಾಗಲೇ ಕೇಳಬೇಕು, ಅಷ್ಟೆ.