ಮೊದಲ ದೂರಿನ ದಿನವೇ ನಿರ್ಣಾಯಕ

2024ರ ಜುಲೈ 1ರಂದು ಹಾಸನದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಮಹಿಳೆಯೊಬ್ಬಳು ಪತಿಯ ವಿರುದ್ಧ ದೂರು ನೀಡಲು ಬಂದಿದ್ದಳು. ಪತಿ ಸ್ವತಃ ಪೊಲೀಸ್ ಪೇದೆ. ಕಚೇರಿಯ ಆವರಣದಲ್ಲಿಯೇ ಚೂರಿ ಇರಿತಕ್ಕೊಳಗಾದ ಆಕೆ ಬದುಕುಳಿಯಲಿಲ್ಲ. ಆರೋಪ ಹೊತ್ತವನು ಆ ಪತಿಯೇ.

ಅದಕ್ಕೂ ಒಂದೂವರೆ ತಿಂಗಳ ಹಿಂದೆ, ಮೇ 15ರಂದು, ಹುಬ್ಬಳ್ಳಿಯಲ್ಲಿ ಯುವತಿಯೊಬ್ಬಳು ತನ್ನ ಮನೆಯಲ್ಲಿಯೇ ಕೊಲೆಯಾದಳು. ಅಲ್ಲಿ ಆರೋಪಿ ಪತಿಯಲ್ಲ, ಬೆನ್ನುಬಿದ್ದು ಕಾಡುತ್ತಿದ್ದ ಯುವಕ. ಬೆದರಿಕೆಯ ವಿಷಯವನ್ನು ಆಕೆಯ ಅಜ್ಜಿ ಮೊದಲೇ ಬೆಂಡಿಗೇರಿ ಠಾಣೆಗೆ ತಿಳಿಸಿದ್ದರೂ ನಿರ್ಲಕ್ಷಿಸಲಾಯಿತೆಂಬ ದೂರಿನ ಮೇರೆಗೆ ಇನ್‌ಸ್ಪೆಕ್ಟರ್ ಹಾಗೂ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಅಮಾನತುಗೊಂಡರು.

ಕೊಲೆಯ ನಂತರದ ಅಮಾನತು ಹೋದ ಜೀವವನ್ನು ಮರಳಿಸದು. ಮೊದಲ ದೂರು ಬಂದ ದಿನ ಪೊಲೀಸರು ಏನು ಮಾಡಿದರು ಎಂಬುದೇ ಪರಾಮರ್ಶೆಯ ಮುಖ್ಯ ಪ್ರಶ್ನೆಯಾಗಬೇಕು.

ಕಾನೂನು ಇಲ್ಲವೆಂದಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 5ನೇ ಕಲಮಿನ ಪ್ರಕಾರ, ದೂರು ಪಡೆದ ಪೊಲೀಸ್ ಅಧಿಕಾರಿಯು ರಕ್ಷಣಾ ಆದೇಶ, ಸಂರಕ್ಷಣಾಧಿಕಾರಿಯ ಸೇವೆ ಹಾಗೂ ಉಚಿತ ಕಾನೂನು ನೆರವಿನ ಹಕ್ಕುಗಳನ್ನು ಮಹಿಳೆಗೆ ತಿಳಿಸಲೇಬೇಕು. ಸಂಜ್ಞೇಯ ಅಪರಾಧದ ದೂರನ್ನು ದಾಖಲಿಸುವುದು ಕಡ್ಡಾಯವೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವೈವಾಹಿಕ ವಿವಾದಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಆಸ್ಪದವಿತ್ತರೂ ಅದಕ್ಕೂ ಕಾಲಮಿತಿ ವಿಧಿಸಿತು. ಹೀಗಿದ್ದೂ "ಹೊಂದಿಕೊಂಡು ಬಾಳಮ್ಮ" ಎಂಬ ಬುದ್ಧಿವಾದವೇ ಹಲವೆಡೆ ದೂರಿಗೆ ದೊರೆಯುವ ಉತ್ತರವಾಗಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದವರು. ಬಾಡಗಂಡಿಯಂಥ ಊರಿನಿಂದ ಬೀಳಗಿಗೋ ಜಮಖಂಡಿಗೋ ಹೋಗಿ ಠಾಣೆಯ ಮೆಟ್ಟಿಲೇರುವ ಹೆಣ್ಣುಮಗಳು, ಮನೆಯವರನ್ನೂ ಊರಿನ ಮಾತನ್ನೂ ಎದುರಿಸಿಯೇ ಅಲ್ಲಿಗೆ ಬಂದಿರುತ್ತಾಳೆ. ಆಕೆಯನ್ನು ಬರಿಗೈಯಲ್ಲಿ ಹಿಂದಿರುಗಿಸಿದರೆ ಹೊಡೆಯುವವನಿಗೆ ಧೈರ್ಯ ಬರುತ್ತದೆ. ಆಕೆ ಮತ್ತೊಮ್ಮೆ ಬರಲಾರಳು.

ಕ್ರೈಸ್ತ ಕುಟುಂಬಗಳಾದ ನಾವು ಪೊಲೀಸರನ್ನಷ್ಟೇ ದೂರಿ ಕೈತೊಳೆದುಕೊಳ್ಳಲಾಗದು. ವಿವಾಹ ಸಂಸ್ಕಾರ ಬಿಡಿಸಲಾಗದ ಬಂಧವೆಂಬ ಬೋಧನೆಯನ್ನು ಪೆಟ್ಟು ಸಹಿಸಬೇಕೆಂಬ ಆಜ್ಞೆಯೆಂದು ನಮ್ಮಲ್ಲಿ ಅನೇಕರು ತಪ್ಪು ತಿಳಿದಿದ್ದಾರೆ. ಸಂಗಾತಿಯಿಂದ ಆತ್ಮಕ್ಕಾಗಲಿ ದೇಹಕ್ಕಾಗಲಿ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮವೇ ಅವಕಾಶವೀಯುತ್ತದೆ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2016ರ 'ಅಮೋರಿಸ್ ಲೆತಿತ್ಸಿಯಾ' ಪ್ರೇಷಿತ ಪ್ರಬೋಧನೆಯಲ್ಲಿ ಸ್ತ್ರೀಯರ ಮೇಲಿನ ಮನೆಯೊಳಗಿನ ಹಿಂಸೆಯನ್ನು ಖಂಡಿಸಿ, ಕೆಲವು ಸಂದರ್ಭಗಳಲ್ಲಿ ಅಗಲಿಕೆ ನೈತಿಕವಾಗಿಯೇ ಅಗತ್ಯವಾಗಬಹುದೆಂದು ಬೋಧಿಸಿದ್ದಾರೆ.

ಆದುದರಿಂದ ನೊಂದ ಸೋದರಿ ನಮ್ಮ ಮನೆಗೋ ಗುರುಗಳ ನಿವಾಸಕ್ಕೋ ಬಂದಾಗ ಸಂಧಾನಕ್ಕಿಂತ ಮೊದಲು ಆಕೆಯ ಸುರಕ್ಷತೆಯನ್ನು ನೋಡೋಣ. ಠಾಣೆಗೆ ಆಕೆಯೊಬ್ಬಳನ್ನೇ ಕಳುಹಿಸದೆ ಜೊತೆಗೆ ಹೋಗೋಣ. ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯೋಣ. ಠಾಣೆ ನಿರಾಕರಿಸಿದರೆ ಅಂಚೆಯ ಮೂಲಕ ಜಿಲ್ಲಾ ವರಿಷ್ಠಾಧಿಕಾರಿಗಳಿಗೆ ದೂರು ಕಳುಹಿಸಬಹುದು. ಬಳಿಕ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಸತ್ತವಳಿಗಾಗಿ ಬಲಿಪೂಜೆ ಅರ್ಪಿಸುವುದು ನಮ್ಮ ಕರ್ತವ್ಯ. ಬದುಕಿರುವಾಗಲೇ ಆಕೆಯ ಮಾತಿಗೆ ಕಿವಿಗೊಡುವುದು ಅದಕ್ಕಿಂತ ಮೊದಲಿನ ಕರ್ತವ್ಯ.